ಗ್ರಂಥಾಲಯಕ್ಕೆ ಊರೇ ಬಂದು ಕೂತಾಗ

2017ಕ್ಕೆ ಫಿನ್ಲೆಂಡ್ ಸ್ವತಂತ್ರವಾಗಿ ನೂರು ವರ್ಷ ತುಂಬಿತು. ಆ ನೆನಪಿಗೆ ದೇಶ ತನಗೆ ತಾನೇ ಕೊಟ್ಟುಕೊಂಡ ದೊಡ್ಡ ಉಡುಗೊರೆ ಒಂದು ಸಾರ್ವಜನಿಕ ಗ್ರಂಥಾಲಯ. ರಾಜಧಾನಿ ಹೆಲ್ಸಿಂಕಿಯ ನಟ್ಟನಡುವೆ, ಸಂಸತ್ ಭವನದ ಎದುರಿನ ಬಯಲಿನ ಅಂಚಿನಲ್ಲಿ, ಕೇಂದ್ರ ರೈಲು ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅದನ್ನು ಕಟ್ಟಿದರು. 'ಓಡಿ' ಎಂಬ ಹೆಸರಿನ ಈ ಮೂರಂತಸ್ತಿನ ಕಟ್ಟಡ ಜನರಿಗೆ ತೆರೆದುಕೊಂಡದ್ದು 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಮುನ್ನಾದಿನ. ವೆಚ್ಚ ಸುಮಾರು 9.8 ಕೋಟಿ ಯೂರೊ. ಮೊದಲ ವರ್ಷವೇ ಅಲ್ಲಿಗೆ 30 ಲಕ್ಷಕ್ಕೂ ಹೆಚ್ಚು ಭೇಟಿಗಳಾದವು. ಆ ನಗರದ ಜನಸಂಖ್ಯೆಯೇ ಆಗ ಆರೂವರೆ ಲಕ್ಷದ ಆಸುಪಾಸು.

ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಪುಸ್ತಕವಲ್ಲ. ನೆಲಮಹಡಿಯಲ್ಲಿ ನಡುವೆ ಕಂಬವೇ ಇಲ್ಲದ ವಿಶಾಲ ಪಡಸಾಲೆ, ಕೆಫೆ, ಒಂದು ಚಿತ್ರಮಂದಿರ. ಕಟ್ಟಡದ ಭಾರವನ್ನೆಲ್ಲ ಸೇತುವೆಯ ಹಾಗೆ ಎರಡು ಉಕ್ಕಿನ ಕಮಾನುಗಳು ಹೊತ್ತಿವೆ. ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರಗಳು, ತ್ರೀಡಿ ಪ್ರಿಂಟರುಗಳು, ಹಾಡು ಮುದ್ರಿಸಿಕೊಳ್ಳುವ ಸ್ಟುಡಿಯೊಗಳು, ಗುಂಪಾಗಿ ಕೂತು ಕೆಲಸ ಮಾಡುವ ಕೊಠಡಿಗಳು, ಒಂದು ಅಡುಗೆಮನೆ ಕೂಡ. ಅಂಗಿಯ ಹರಿದ ತೋಳು ಹೊಲಿದುಕೊಳ್ಳಲು ಬಂದ ಅಜ್ಜಿಯೂ ತನ್ನ ಮೊದಲ ಹಾಡು ಮುದ್ರಿಸಿಕೊಳ್ಳಲು ಬಂದ ಹುಡುಗನೂ ಅಲ್ಲಿ ಅಕ್ಕಪಕ್ಕದಲ್ಲಿ ಕೆಲಸ ಮಾಡಬಹುದು. ಪುಸ್ತಕಗಳಿರುವುದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಅಲೆಯಂತೆ ಬಾಗಿದ ಬಿಳಿ ಚಾವಣಿಯ ಕೆಳಗೆ. ಸಂಖ್ಯೆ ಸುಮಾರು ಒಂದು ಲಕ್ಷ. ಜನ ಹಿಂದಿರುಗಿಸಿದ ಪುಸ್ತಕಗಳನ್ನು ಪುಟ್ಟ ರೋಬಾಟುಗಳು ಮೇಲಕ್ಕೆ ಹೊತ್ತೊಯ್ಯುತ್ತವೆ.

ದೇಶದ ಹೆಮ್ಮೆಯ ಗ್ರಂಥಾಲಯದಲ್ಲಿ ಬರೀ ಒಂದು ಲಕ್ಷ ಪುಸ್ತಕವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಓಡಿ ಒಂಟಿಯಾಗಿ ನಿಂತಿಲ್ಲ. ಹೆಲ್ಸಿಂಕಿ ಮತ್ತು ಸುತ್ತಲಿನ ಮೂರು ಪಟ್ಟಣಗಳ ಗ್ರಂಥಾಲಯಗಳೆಲ್ಲ ಒಂದೇ ಜಾಲದಲ್ಲಿವೆ, ಒಂದೇ ಕಾರ್ಡಿನಲ್ಲಿ ನಡೆಯುತ್ತವೆ. ಬೇಕಾದ ಪುಸ್ತಕ ಯಾವ ಮೂಲೆಯ ಶಾಖೆಯಲ್ಲಿದ್ದರೂ ಕಾಯ್ದಿರಿಸಿದರೆ ನಿಮ್ಮ ಹತ್ತಿರದ ಶಾಖೆಗೆ ಬಂದು ಸೇರುತ್ತದೆ. ಆ ಜಾಲ ಗಟ್ಟಿಯಾಗಿರುವುದರಿಂದಲೇ ಓಡಿಯಲ್ಲಿ ಮನುಷ್ಯರಿಗೆ ಅಷ್ಟೊಂದು ಜಾಗ ಬಿಡಲು ಸಾಧ್ಯವಾಯಿತು. ಹೊಳೆಯುವ ಕಟ್ಟಡದ ಚಿತ್ರ ನೋಡಿ ಮರುಳಾಗುವವರ ಕಣ್ಣಿಗೆ ಈ ಅಂಶ ಬೀಳುವುದೇ ಇಲ್ಲ. ಶಾಖೆಗಳನ್ನು ಸೊರಗಿಸಿ ಕೇಂದ್ರವನ್ನಷ್ಟೇ ಸಿಂಗರಿಸುವ ಊರಿಗೆ ಓಡಿ ದಕ್ಕುವುದಿಲ್ಲ.

ಇನ್ನೊಂದು ಸಂಗತಿ. ಕಟ್ಟುವ ಮೊದಲು ಅವರು ಜನರನ್ನು ಕೇಳಿದರು, ನಿಜವಾಗಿಯೇ ಕೇಳಿದರು. ವರ್ಷಗಟ್ಟಲೆ ಸಲಹೆ ಸಂಗ್ರಹಿಸಿದರು, ಯಾವ ಪ್ರಯೋಗಕ್ಕೆ ಎಷ್ಟು ಹಣ ಎಂದು ನಿರ್ಧರಿಸುವ ಕೆಲಸದ ಒಂದು ಪಾಲನ್ನು ನಾಗರಿಕರ ಕೈಗೇ ಕೊಟ್ಟು ನೋಡಿದರು. ಫಿನ್ನರಿಗೆ ಸೌನಾ ಎಂದರೆ ಪ್ರಾಣ, ಗ್ರಂಥಾಲಯದಲ್ಲಿ ಅದೂ ಇರಲಿ ಎಂಬ ಮಾತು ಬಂದಿತ್ತು. ಅದು ಕೊನೆಗೆ ಆಗಲಿಲ್ಲ. ಹೊಲಿಗೆ ಯಂತ್ರ ಆಯಿತು, ಸ್ಟುಡಿಯೊ ಆಯಿತು, ಮೌನವಾಗಿ ಓದುವವರಿಗೆ ಬೇರೆಯೇ ಕೋಣೆಯೂ ಆಯಿತು. 2017ರ ಆರಂಭದಿಂದ ಜಾರಿಗೆ ಬಂದ ಅಲ್ಲಿನ ಗ್ರಂಥಾಲಯ ಕಾಯಿದೆ ಈ ಬದಲಾವಣೆಗೆ ಅಧಿಕೃತ ಮುದ್ರೆ ಒತ್ತಿದೆ. ಪುಸ್ತಕ ಕೊಡುವುದಷ್ಟೇ ಅಲ್ಲ, ಕಲಿಯಲು, ದುಡಿಯಲು, ಹವ್ಯಾಸಕ್ಕೆ, ನಾಗರಿಕ ಚಟುವಟಿಕೆಗೆ ಜಾಗ ಒದಗಿಸುವುದೂ ಸಾರ್ವಜನಿಕ ಗ್ರಂಥಾಲಯದ ಕರ್ತವ್ಯ ಎಂದು ಆ ಕಾನೂನು ಹೇಳುತ್ತದೆ.

ಜಗತ್ತಿನ ದೊಡ್ಡ ನಗರಗಳಲ್ಲಿ ಕಳೆದ ಎರಡು ಮೂರು ದಶಕಗಳಿಂದ ನಡೆಯುತ್ತಿರುವ ಬದಲಾವಣೆಯ ತಿರುಳು ಈ 'ಜಾಗ'ದಲ್ಲಿದೆ. ಇಂಟರ್‌ನೆಟ್ ಬಂದಾಗ ಗ್ರಂಥಾಲಯದ ಕತೆ ಮುಗಿಯಿತು ಎಂದವರು ಬಹಳ. ಮಾಹಿತಿ ಕೈಬೆರಳಿಗೆ ಬಂತು, ನಿಜ. ಆದರೆ ಅದೇ ಹೊತ್ತಿಗೆ ನಗರಗಳಲ್ಲಿ ಬೇರೊಂದು ವಸ್ತು ವಿರಳವಾಗುತ್ತ ಹೋಯಿತು: ಏನನ್ನೂ ಕೊಳ್ಳದೆ, ಯಾರ ಅಪ್ಪಣೆಯೂ ಇಲ್ಲದೆ, ನಾಲ್ಕು ತಾಸು ನೆಮ್ಮದಿಯಿಂದ ಕೂರಬಹುದಾದ ಸ್ಥಳ. ಕಾಫಿ ಅಂಗಡಿಯ ಕುರ್ಚಿಗೆ ಕಾಫಿಯ ಬೆಲೆ ಇದೆ, ಮಾಲ್‌ನ ಬೆಂಚಿನ ಪಕ್ಕ ಸೆಕ್ಯೂರಿಟಿಯ ಕಣ್ಣಿದೆ, ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಟಿ.ವಿ. ಇದೆ, ಒಲೆಯಿದೆ, ಅಳುವ ಕೂಸಿದೆ. ಬುದ್ಧಿವಂತ ನಗರಗಳು ಇದನ್ನು ಬೇಗ ಅರಿತವು.

ಲಂಡನ್ನಿನ ಪೂರ್ವ ಭಾಗದ ಟವರ್ ಹ್ಯಾಮ್ಲೆಟ್ಸ್ ಬಡವರು, ವಲಸೆ ಬಂದವರು, ಅದರಲ್ಲೂ ಬಂಗ್ಲಾ ಮೂಲದವರು ಹೆಚ್ಚಾಗಿರುವ ಪ್ರದೇಶ. ತೊಂಬತ್ತರ ದಶಕದ ಕೊನೆಗೆ ಅಲ್ಲಿನ ಗ್ರಂಥಾಲಯಗಳು ಖಾಲಿ ಹೊಡೆಯುತ್ತಿದ್ದವು. ಸ್ಥಳೀಯ ಆಡಳಿತ ಜನರನ್ನು ವಿಚಾರಿಸಿದಾಗ ಸಿಕ್ಕ ಉತ್ತರ ಸರಳವಾಗಿತ್ತು. ಸಂತೆಗೆ, ಅಂಗಡಿಗೆ ಹೋಗುವ ದಾರಿಯಲ್ಲೇ ಗ್ರಂಥಾಲಯ ಇದ್ದರೆ ಒಳಗೆ ಬರುತ್ತೇವೆ ಎಂದರು. ಹಾಗೆ ಹುಟ್ಟಿದ್ದು 'ಐಡಿಯಾ ಸ್ಟೋರ್'ಗಳು. ಮೊದಲನೆಯದು 2002ರಲ್ಲಿ ಬೋ ಎಂಬಲ್ಲಿ. 2005ರಲ್ಲಿ ವೈಟ್‌ಚಾಪೆಲ್‌ನಲ್ಲಿ ತೆರೆದದ್ದನ್ನು ವಾಸ್ತುಶಿಲ್ಪಿ ಡೇವಿಡ್ ಅಜಾಯೆ ರೂಪಿಸಿದರು. ಬೀದಿ ಸಂತೆಯ ಮಗ್ಗುಲಲ್ಲೇ ನಿಂತ ಗಾಜಿನ ಕಟ್ಟಡ, ಅದರೊಳಗೆ ಪುಸ್ತಕದ ಜೊತೆಗೇ ವಯಸ್ಕರ ಕಲಿಕೆಯ ತರಗತಿಗಳು. ಆದರೆ ಅದೇ ಬ್ರಿಟನ್ನಿನಲ್ಲಿ 2010ರ ನಂತರದ ಒಂದೇ ದಶಕದಲ್ಲಿ, ಖರ್ಚು ಕಡಿತದ ಹೆಸರಿನಲ್ಲಿ, ಹೆಚ್ಚುಕಡಿಮೆ 800 ಗ್ರಂಥಾಲಯಗಳು ಬಾಗಿಲು ಹಾಕಿದವು ಎಂಬುದನ್ನೂ ಇಲ್ಲೇ ಹೇಳಬೇಕು. ಒಂದು ಕಡೆ ಹೊಸ ಕಲ್ಪನೆ, ಇನ್ನೊಂದು ಕಡೆ ಬೀಗ.

ಸಿಂಗಪುರ ಬೇರೆ ದಾರಿ ಹಿಡಿಯಿತು. 1995ರಲ್ಲಿ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ರಚಿಸಿ, ಜನ ಇರುವಲ್ಲಿಗೇ ಗ್ರಂಥಾಲಯವನ್ನು ಒಯ್ದರು, ಅಂದರೆ ಮಾಲ್‌ಗಳ ಒಳಕ್ಕೆ. ಪುಸ್ತಕ ಪಡೆಯುವ ಸಾಲಿನಲ್ಲಿ ಜನ ಕಾದು ಬೇಸತ್ತಾಗ ಪುಸ್ತಕಗಳಿಗೆ ರೇಡಿಯೊ ತರಂಗದ ಚೀಟಿ ಅಂಟಿಸಿದರು. 1998ರಲ್ಲಿ ಬುಕಿತ್ ಬಾತೊಕ್ ಶಾಖೆಯಲ್ಲಿ ಆರಂಭವಾದ ಆ ಪದ್ಧತಿಯಿಂದ ಸಾಲುಗಳು ಕರಗಿದವು. ಡೆನ್ಮಾರ್ಕಿನ ಆರ್ಹುಸ್ ನಗರ 2015ರಲ್ಲಿ ಬಂದರಿನ ದಂಡೆಯಲ್ಲಿ 'ಡೊಕ್1' ಕಟ್ಟಿದಾಗ ಪಾಸ್‌ಪೋರ್ಟು, ಚಾಲನಾ ಪರವಾನಗಿಯಂಥ ಸರ್ಕಾರಿ ಸೇವೆಗಳನ್ನೂ ಅದರೊಳಗೇ ತಂದಿಟ್ಟಿತು. ಅದೇ ಕಟ್ಟಡದಲ್ಲಿ ಮೂರು ಟನ್ ತೂಕದ ಒಂದು ಜಾಗಟೆ ತೂಗುತ್ತಿದೆ. ನಗರದ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ತಂದೆತಾಯಿ ಅಲ್ಲಿಂದಲೇ ಗುಂಡಿ ಒತ್ತಿದರೆ ಗ್ರಂಥಾಲಯದಲ್ಲಿ ಜಾಗಟೆ ಮೊಳಗುತ್ತದೆ. ಓದುತ್ತಿದ್ದವರು ತಲೆ ಎತ್ತುತ್ತಾರೆ. ಊರಿಗೆ ಹೊಸಬರೊಬ್ಬರು ಬಂದರು ಎಂದು ಎಲ್ಲರಿಗೂ ತಿಳಿಯುತ್ತದೆ. ಗ್ರಂಥಾಲಯ ಯಾರದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಟ್ಟಡವನ್ನು ನಾನು ಕೇಳಿಲ್ಲ.

ಕಟ್ಟಡ ಬದಲಾಯಿಸದೆಯೂ ಗ್ರಂಥಾಲಯ ಬದಲಾಗಬಹುದು. ಶಿಕಾಗೊ 2019ರ ಅಕ್ಟೋಬರ್ 1ರಿಂದ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿ, ಹಳೆಯ ಬಾಕಿಯನ್ನೂ ಅಳಿಸಿಹಾಕಿತು. ದಂಡದ ಭಯವಿಲ್ಲದಿದ್ದರೆ ಯಾರು ಪುಸ್ತಕ ವಾಪಸು ಕೊಡುತ್ತಾರೆ ಎಂದು ಅನುಮಾನಿಸಿದವರಿದ್ದರು. ಮೊದಲ ಮೂರು ವಾರಗಳಲ್ಲಿ ಪುಸ್ತಕಗಳ ವಾಪಸಾತಿ ಶೇ 240ರಷ್ಟು ಹೆಚ್ಚಿತು. ದಂಡಕ್ಕೆ ಹೆದರಿ ವರ್ಷಗಳಿಂದ ಅಡಗಿಸಿಟ್ಟಿದ್ದ ಪುಸ್ತಕಗಳು ಬಂದವು, ಅವುಗಳೊಂದಿಗೆ ಓದುಗರೂ ಬಂದರು. 2021ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮೂರೂ ಗ್ರಂಥಾಲಯ ವ್ಯವಸ್ಥೆಗಳು ಅದೇ ಹೆಜ್ಜೆ ಇಟ್ಟಾಗ ದಂಡದ ಬಾಕಿಯಿಂದಾಗಿ ಕಾರ್ಡು ತಡೆಹಿಡಿಯಲ್ಪಟ್ಟಿದ್ದವರು ಸುಮಾರು ನಾಲ್ಕು ಲಕ್ಷ ಮಂದಿ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಬಡ ಬಡಾವಣೆಗಳವರು. ಗ್ರಂಥಾಲಯ ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರನ್ನೇ ಹದಿನೈದು ಡಾಲರಿನ ಬಾಕಿಗಾಗಿ ಹೊಸ್ತಿಲಾಚೆ ನಿಲ್ಲಿಸಲಾಗಿತ್ತು.

ಎಲ್ಲರಿಗೂ ಬಾಗಿಲು ತೆರೆದಾಗ ಊರಿನ ಎಲ್ಲ ಸಂಕಟವೂ ಒಳಗೆ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಮುಖ್ಯ ಗ್ರಂಥಾಲಯಕ್ಕೆ ಮನೆಯಿಲ್ಲದವರು ಬೆಳಿಗ್ಗೆ ಬಂದರೆ ಮುಚ್ಚುವ ತನಕ ಇರುತ್ತಿದ್ದರು. ಚಳಿಗೆ, ಶೌಚಕ್ಕೆ, ಮಾತಿಗೆ ಅವರಿಗೆ ಬೇರೆ ಜಾಗ ಇರಲಿಲ್ಲ. 2009ರಲ್ಲಿ ಆ ಗ್ರಂಥಾಲಯ ಪೂರ್ಣಾವಧಿ ಸಮಾಜ ಕಾರ್ಯಕರ್ತೆಯೊಬ್ಬರನ್ನು ನೇಮಿಸಿಕೊಂಡಿತು. ಅಮೆರಿಕದಲ್ಲಿ ಅದೇ ಮೊದಲು. ಹಿಂದೆ ಬೀದಿಯಲ್ಲೇ ಬದುಕಿ ಹೊರಬಂದವರನ್ನು ಸಂಬಳ ಕೊಟ್ಟು ನೆರವಿಗೆ ಇಟ್ಟುಕೊಂಡರು. ಫಿಲಡೆಲ್ಫಿಯಾದ ಮೆಕ್‌ಫರ್ಸನ್ ಸ್ಕ್ವೇರ್ ಶಾಖೆಯಲ್ಲಿ, 2017ರ ಹೊತ್ತಿಗೆ, ಮಾದಕ ವಸ್ತು ಮಿತಿಮೀರಿ ಕುಸಿದುಬಿದ್ದವರನ್ನು ಉಳಿಸುವ ಔಷಧ ಕೊಡುವುದನ್ನು ಗ್ರಂಥಪಾಲಕರೇ ಕಲಿಯಬೇಕಾಯಿತು. ಇದನ್ನು ಓದಿ ಚಪ್ಪಾಳೆ ತಟ್ಟಲು ನನಗೆ ಮನಸ್ಸಾಗುವುದಿಲ್ಲ. ಅವರು ಜೀವ ಉಳಿಸಿದ್ದು ದೊಡ್ಡದು. ಆದರೆ ಆಸ್ಪತ್ರೆ, ವಸತಿ ಇಲಾಖೆ, ಪೊಲೀಸ್ ವ್ಯವಸ್ಥೆ ಎಲ್ಲವೂ ಕೈಬಿಟ್ಟ ಕೆಲಸವನ್ನು ಪುಸ್ತಕ ವಿಂಗಡಿಸಲು ಸೇರಿದವರ ಹೆಗಲಿಗೆ ಹಾಕಿದ್ದು ಆ ನಗರದ ಸೋಲು. ಗ್ರಂಥಾಲಯಕ್ಕೆ ಹೊಸ ಕೆಲಸ ಕೊಡುವಾಗ ಹೊಸ ಜನ, ಹೊಸ ಹಣವನ್ನೂ ಕೊಡಬೇಕು.

ಪುನರ್ರಚನೆಯ ಹೆಸರಿನಲ್ಲಿ ಪುಸ್ತಕವನ್ನೇ ಹೊರದಬ್ಬುವ ಅಪಾಯವೂ ಇದೆ. ನ್ಯೂಯಾರ್ಕಿನ 42ನೇ ಬೀದಿಯ ಹೆಸರುವಾಸಿ ಮುಖ್ಯ ಗ್ರಂಥಾಲಯದ ಓದುಕೋಣೆಯ ಕೆಳಗೆ ಏಳು ಅಂತಸ್ತುಗಳ ಪುಸ್ತಕ ಕಪಾಟುಗಳಿವೆ. ಅವನ್ನು ಕಿತ್ತು, ಲಕ್ಷಾಂತರ ಪುಸ್ತಕಗಳನ್ನು ಬಹುಪಾಲು ನ್ಯೂಜೆರ್ಸಿಯ ಗೋದಾಮಿಗೆ ಸಾಗಿಸಿ, ಆ ಜಾಗದಲ್ಲಿ ಹೊಸ ಎರವಲು ಗ್ರಂಥಾಲಯ ಕಟ್ಟಿ, ಎದುರಿನ ಮಿಡ್-ಮ್ಯಾನ್‌ಹಾಟನ್ ಶಾಖೆಯನ್ನು ಮಾರುವ ಯೋಜನೆ ಸಿದ್ಧವಾಗಿತ್ತು. ವಿದ್ವಾಂಸರೂ ಲೇಖಕರೂ ಬಡಾವಣೆಯ ಓದುಗರೂ ಒಟ್ಟಾಗಿ ಎದುರು ನಿಂತರು. 2014ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಮಾರಬೇಕೆಂದಿದ್ದ ಶಾಖೆಯನ್ನೇ ನವೀಕರಿಸಿ 2021ರಲ್ಲಿ ತೆರೆದರು. ಈಗ ಅದರ ತಾರಸಿಯ ಮೇಲೆ, ಮ್ಯಾನ್‌ಹಾಟನ್ನಿನ ಅತಿ ದುಬಾರಿ ನೆಲದ ಮೇಲೆ, ಯಾರು ಬೇಕಾದರೂ ಬಿಡಿಗಾಸು ಕೊಡದೆ ಹೋಗಿ ಕೂರಬಹುದು. ಪುಸ್ತಕಕ್ಕೂ ಮನುಷ್ಯನಿಗೂ ಜಗಳ ಹಚ್ಚಬೇಕಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಗ್ರಂಥಾಲಯ ಓದುಗನ ಸುತ್ತ ಬೆಳೆಯಬೇಕು ಎಂಬ ಮಾತು ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಗಣಿತದ ಮೇಷ್ಟ್ರು ಎಸ್.ಆರ್. ರಂಗನಾಥನ್ ತರಬೇತಿಗೆಂದು ಲಂಡನ್ನಿಗೆ ಹೋಗಿ, ಕ್ರಾಯ್ಡನ್ನಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಕಲಿತು ಬಂದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳು ಇವತ್ತಿಗೂ ಜಗತ್ತಿನ ಗ್ರಂಥಾಲಯ ಶಾಲೆಗಳಲ್ಲಿ ಮೊದಲ ಪಾಠ. ಗ್ರಂಥಾಲಯಕ್ಕೆ ಜೀವವಿದೆ, ಅದು ಬೆಳೆಯುತ್ತ ಬದಲಾಗುತ್ತ ಇರಬೇಕು ಎಂಬುದು ಐದನೆಯದರ ಸಾರ. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಒಯ್ಯುವ ಗ್ರಂಥಾಲಯವೂ ಅವರ ಕೈಯಿಂದಲೇ ಉದ್ಘಾಟನೆಗೊಂಡಿತು. ರಂಗನಾಥನ್ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ, ಅವರು ಈ ಊರಿನಲ್ಲಿದ್ದಾಗಲೇ.

ಈಗ ಆ ಬೆಂಗಳೂರಿನ ಯಾವುದಾದರೂ ಗ್ರಂಥಾಲಯಕ್ಕೆ ಹೋಗಿ. ಕಬ್ಬನ್ ಉದ್ಯಾನದ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ಆಗಬಹುದು, ಬಡಾವಣೆಯ ಶಾಖೆ ಆಗಬಹುದು. ಬೆಳಿಗ್ಗೆ ಪತ್ರಿಕಾ ವಿಭಾಗದಲ್ಲಿ ಹಿರಿಯರು ಪೇಪರು ಹರಡಿಕೊಂಡು ಕೂತಿರುತ್ತಾರೆ. ಮಿಕ್ಕ ಬಹುಪಾಲು ಕುರ್ಚಿಗಳಲ್ಲಿ ಇಪ್ಪತ್ತರಿಂದ ಮೂವತ್ತರೊಳಗಿನ ಹುಡುಗ ಹುಡುಗಿಯರು. ಕೆಎಎಸ್, ಪಿಎಸ್ಐ, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವವರು. ರಾಯಚೂರು, ಕಲಬುರಗಿ, ಹಾವೇರಿ, ಚಾಮರಾಜನಗರದ ಕಡೆಯಿಂದ ಬಂದು ಪಿ.ಜಿ.ಯ ಹಂಚಿಕೆಯ ಕೋಣೆಯಲ್ಲಿ ಇರುವವರು. ಅವರಲ್ಲಿ ಹೆಚ್ಚಿನವರು ಕಪಾಟಿನ ಪುಸ್ತಕ ಮುಟ್ಟುವುದಿಲ್ಲ. ತಮ್ಮ ನೋಟ್ಸು, ತಮ್ಮ ಗೈಡು, ತಮ್ಮ ನೀರಿನ ಬಾಟಲಿ, ಊಟದ ಡಬ್ಬಿ ತಂದಿರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಬೇಕಾದದ್ದು ಮೇಜು, ಬೆಳಕು, ಫ್ಯಾನು, ಮತ್ತು ಪಕ್ಕದಲ್ಲಿ ತಮ್ಮಂತೆಯೇ ಓದುತ್ತಿರುವ ಇನ್ನೊಬ್ಬರು.

ಇವರು ಪುಸ್ತಕ ಓದಲು ಬರುವವರಲ್ಲ, ಜಾಗ ಹಿಡಿಯಲು ಬರುವವರು ಎಂದು ಮೂಗು ಮುರಿಯುವ ಸಾಹಿತ್ಯಪ್ರಿಯರನ್ನು ನಾನು ಬಲ್ಲೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೆಲ್ಸಿಂಕಿಯವರು ಕೋಟಿಗಟ್ಟಲೆ ಯೂರೊ ಸುರಿದು ಕಂಡುಕೊಂಡ ಸತ್ಯವನ್ನು ಈ ಮಕ್ಕಳು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾರೆ. ನಮ್ಮ ನಗರಗಳಲ್ಲಿ ಗ್ರಂಥಾಲಯವನ್ನು ಬದಲಾಯಿಸಿದವರು ಓದುಗರೇ. ಧಾರವಾಡದಲ್ಲೂ ಹಾಗೇ, ಹೈದರಾಬಾದಿನ ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯದಲ್ಲೂ ಹಾಗೇ. ಇನ್ನೂ ಬದಲಾಗದೆ ಉಳಿದದ್ದು ಕಟ್ಟಡ, ನಿಯಮ, ಸಮಯ. ಸೋಮವಾರ ರಜೆ, ಎರಡನೇ ಮಂಗಳವಾರ ರಜೆ. ಫೋನು, ಲ್ಯಾಪ್‌ಟಾಪು ಚಾರ್ಜ್ ಮಾಡಲು ಗೋಡೆಯಲ್ಲಿ ಎಲ್ಲೋ ಒಂದು ಪ್ಲಗ್ ಪಾಯಿಂಟು. ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇದೆಯೇ ಎಂಬುದರ ಮೇಲೆ ಅವರು ಅಲ್ಲಿ ಮೂರು ತಾಸು ಕೂರಬಹುದೋ ಎಂಟು ತಾಸು ಕೂರಬಹುದೋ ಎಂಬುದು ನಿರ್ಧಾರವಾಗುತ್ತದೆ. ಈ ಕೊರತೆಯೇ ಒಂದು ವ್ಯಾಪಾರವನ್ನು ಹುಟ್ಟುಹಾಕಿದೆ. ಬೆಂಗಳೂರಿನ ವಿಜಯನಗರದಂಥ ಕಡೆ ಕೋಚಿಂಗ್ ಸೆಂಟರುಗಳ ಮಗ್ಗುಲಲ್ಲೇ ಖಾಸಗಿ ರೀಡಿಂಗ್ ರೂಮುಗಳು ಎದ್ದಿವೆ. ತಿಂಗಳಿಗಿಷ್ಟು ಎಂದು ಕಟ್ಟಿದರೆ ಒಂದು ಕುರ್ಚಿ, ಒಂದು ದೀಪ, ಒಂದು ಅಡ್ಡಹಲಗೆ. ಸರ್ಕಾರ ಬಿಟ್ಟಿಯಾಗಿ ಕೊಡಬೇಕಾದ ಕುರ್ಚಿಯನ್ನು ಕೂಲಿಕಾರರ ಮಕ್ಕಳು ಬಾಡಿಗೆಗೆ ಪಡೆಯುತ್ತಿದ್ದಾರೆ.

ಹಣ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬ ಬೆಂಗಳೂರಿಗನೂ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾನೆ. ಅದನ್ನು ವಸೂಲಿ ಮಾಡುವುದು ನಗರಾಡಳಿತ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಇಲಾಖೆ. ನಡುವೆ ನೂರಾರು ಕೋಟಿ ರೂಪಾಯಿ ವರ್ಗಾವಣೆಯಾಗದೆ ಬಾಕಿ ನಿಂತ ಸುದ್ದಿಯನ್ನು ವರ್ಷವರ್ಷವೂ ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇವೆ. ಜನ ಆಗಲೇ ಕೊಟ್ಟಾಗಿರುವ ದುಡ್ಡು ಅದು. ಕಾಯಿದೆಯ ಪ್ರಕಾರ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಮೇಯರ್ ಅಧ್ಯಕ್ಷರು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬೆಂಗಳೂರಿಗೆ ಮೇಯರೇ ಇರಲಿಲ್ಲ. ಬಡಾವಣೆಯ ಗ್ರಂಥಾಲಯಕ್ಕೆ ಹೊಸ ಮೇಜು ಬೇಕು ಎಂದು ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದ ಕಾಲ ಅದು.

ವಿಚಿತ್ರವೆಂದರೆ ಈ ವಿಷಯದಲ್ಲಿ ಹಳ್ಳಿ ಮುಂದೆ ಹೋಗಿದೆ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ಮರುವರ್ಷ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಟ್ಟರು. ದಾನಿಗಳಿಂದ ಪುಸ್ತಕ ಬಂದವು, ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರು ಬಂತು, ಎಷ್ಟೋ ಕಡೆ ಇಳಿಜಾರು ದಾರಿಯೂ ಬಂತು. ಹೆಸರು 'ಅರಿವು ಕೇಂದ್ರ' ಎಂದಾಯಿತು. ಎಲ್ಲ ಕಡೆಯೂ ಒಂದೇ ಸಮನಾಗಿ ಆಗಿಲ್ಲ, ಮೇಲ್ವಿಚಾರಕರ ದುಡಿಮೆಗೆ ತಕ್ಕ ಸಂಬಳದ ಪ್ರಶ್ನೆಯೂ ಇದೆ. ಆದರೂ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಕಾರಣ, ಗ್ರಂಥಾಲಯ ತನ್ನದು ಎಂದುಕೊಂಡ ಸ್ಥಳೀಯ ಆಡಳಿತವೊಂದು ಅದರ ಬೆನ್ನಿಗೆ ನಿಂತದ್ದು. ನಗರದಲ್ಲಿ ಇಲ್ಲದಿರುವುದು ಅದೇ. 2020ರಲ್ಲೇ ಬಂದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಒಳ್ಳೆಯದೇ, ಆದರೆ ಅದರ ಪರದೆಯ ಮೇಲೆ ಕೂರಲು ಆಗುವುದಿಲ್ಲ.

ಹತ್ತಿರದ ಉದಾಹರಣೆಯೊಂದು ಬೇಕೆಂದರೆ ಚೆನ್ನೈ ಇದೆ. ಕೊಟ್ಟೂರ್‌ಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಮರುವರ್ಷ ಸರ್ಕಾರ ಬದಲಾಯಿತು. ಕಟ್ಟಡವನ್ನು ಮಕ್ಕಳ ಆಸ್ಪತ್ರೆ ಮಾಡುತ್ತೇವೆ ಎಂಬ ಘೋಷಣೆ ಬಂತು. ಓದುಗರು ನ್ಯಾಯಾಲಯಕ್ಕೆ ಹೋದರು, ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು, ಗ್ರಂಥಾಲಯ ಉಳಿಯಿತು. ಅಲ್ಲಿ ಬ್ರೈಲ್ ವಿಭಾಗವನ್ನು ನೆಲಮಹಡಿಯಲ್ಲೇ ಇಟ್ಟಿದ್ದಾರೆ, ಮಕ್ಕಳ ವಿಭಾಗದಲ್ಲಿ ಮರವೊಂದನ್ನು ನಿಲ್ಲಿಸಿದ್ದಾರೆ. ಸ್ವಂತ ಪುಸ್ತಕ ತಂದು ಓದುವವರಿಗೆಂದೇ ಬೇರೆ ವಿಭಾಗವಿದೆ. ಬೆಂಗಳೂರಿನ ಹುಡುಗರು ಅರ್ಧ ಅಪ್ಪಣೆಯಲ್ಲಿ, ಅರ್ಧ ಹಿಂಜರಿಕೆಯಲ್ಲಿ ಮಾಡುತ್ತಿರುವುದನ್ನು ಚೆನ್ನೈ ಫಲಕ ಹಾಕಿ ಒಪ್ಪಿಕೊಂಡಿದೆ.

ನಮ್ಮಲ್ಲೂ ಶುರು ಮಾಡಲು ದೊಡ್ಡ ಕಟ್ಟಡ ಬೇಕಿಲ್ಲ. ಪರೀಕ್ಷೆಗೆ ಓದುವವರು ಹೆಚ್ಚಿರುವ ಶಾಖೆಗಳನ್ನು ಗುರುತಿಸಿ ರಾತ್ರಿ ಹತ್ತರ ತನಕ ತೆರೆದಿಡಬಹುದು. ಎರಡು ಪಾಳಿಗೆ ಸಿಬ್ಬಂದಿ ಕೊಟ್ಟರೆ ಸೋಮವಾರವೂ ಬಾಗಿಲು ತೆಗೆಯಬಹುದು. ಪ್ರತಿ ಮೇಜಿಗೊಂದು ಪ್ಲಗ್ ಪಾಯಿಂಟು, ಕುಡಿಯುವ ನೀರು, ದಿನಕ್ಕೆ ಎರಡು ಸಲ ತೊಳೆಯುವ ಶೌಚಾಲಯ, ಡಬ್ಬಿ ಬಿಚ್ಚಿ ಊಟ ಮಾಡಲು ಒಂದು ಜಗಲಿ. ಮಕ್ಕಳಿಗೆ ಗಲಾಟೆ ಮಾಡಲು ಬಾಗಿಲು ಹಾಕಿದ ಒಂದು ಕೋಣೆ. ಒಂದೇ ಕಾರ್ಡಿನಲ್ಲಿ ಜಯನಗರದ ಪುಸ್ತಕ ಯಲಹಂಕಕ್ಕೆ ಬರುವ ವ್ಯವಸ್ಥೆ. ಇದೆಲ್ಲಕ್ಕೂ ಮೊದಲು, ಈ ವರ್ಷ ಯಾವ ವಾರ್ಡಿನಿಂದ ಎಷ್ಟು ಗ್ರಂಥಾಲಯ ಕರ ಬಂತು, ಆ ವಾರ್ಡಿನ ಗ್ರಂಥಾಲಯಕ್ಕೆ ಎಷ್ಟು ತಲುಪಿತು ಎಂಬ ಎರಡು ಅಂಕಿಗಳನ್ನು ಪ್ರತಿ ಶಾಖೆಯ ಬಾಗಿಲಲ್ಲಿ ಬರೆದು ಹಾಕಲಿ. ಒಳಗೆ ಕೂತು ಲೆಕ್ಕಪರೀಕ್ಷೆಗೆ ಓದುತ್ತಿರುವ ಮಕ್ಕಳು ಉಳಿದದ್ದನ್ನು ಕೇಳಿಯೇ ಕೇಳುತ್ತಾರೆ.